‘ಬ್ರೇಕ್’ ಎಂಬ ಕ್ರಿಯಾಪದ: ಮುರಿಯುವುದು, ಒಡೆಯುವುದು, ಹರಿಯುವುದು

ಹಂಚಿನಿಂದ ಆಗಷ್ಟೇ ಇಳಿದ ಜೋಳದ ರೊಟ್ಟಿಯನ್ನು ನಾವು ಹರಿದು ತಿನ್ನುತ್ತೇವೆ. ಅದೇ ರೊಟ್ಟಿ ಒಣಗಿ ಖಡಕ್ ಆದ ಮೇಲೆ ಮುರಿದು ತಿನ್ನುತ್ತೇವೆ. ಊಟದ ನಡುವೆ ನೀರಿನ ಗಾಜಿನ ಲೋಟ ಕೈಜಾರಿ ಬಿದ್ದರೆ ಅದು ಹರಿಯುವುದೂ ಇಲ್ಲ, ಮುರಿಯುವುದೂ ಇಲ್ಲ, ಒಡೆಯುತ್ತದೆ. ಕಲಬುರಗಿಯ ಯಾವ ಮನೆಯಲ್ಲಿಯೂ ಮಾತು ಕಲಿತ ಮಗು ಈ ಮೂರು ಕ್ರಿಯಾಪದಗಳನ್ನು ಅದಲುಬದಲು ಮಾಡುವುದಿಲ್ಲ. ಉದ್ದವಾಗಿ ಗಟ್ಟಿಯಾಗಿರುವ ಕೋಲು, ಎಲುಬು, ಸೀಮೆಸುಣ್ಣ ಮುರಿಯುತ್ತವೆ. ಮಡಕೆ, ಗಾಜು, ತೆಂಗಿನಕಾಯಿ, ಶಹಾಬಾದಿನ ಗಣಿಯ ಹಾಸುಗಲ್ಲು ಒಡೆಯುತ್ತವೆ. ದಾರ, ಹಗ್ಗ, ಚಪ್ಪಲಿಯ ಬಾರು ಹರಿಯುತ್ತವೆ. ಕನ್ನಡ ಮೊದಲು ವಸ್ತುವಿನ ಗುಣವನ್ನು ನೋಡಿ, ಆಮೇಲೆ ಕ್ರಿಯಾಪದವನ್ನು ಆರಿಸುತ್ತದೆ. ಬಟ್ಟೆ, ಕಾಗದಗಳನ್ನು ಹರಿಯುವುದಕ್ಕೆ ಇಂಗ್ಲಿಷಿನಲ್ಲಿ ‘ಟೇರ್’ ಎಂಬ ಬೇರೆ ಪದವಿದೆ ಎಂಬುದನ್ನು ಬಿಟ್ಟರೆ, ಮೇಲೆ ಹೇಳಿದ ಹೆಚ್ಚುಕಡಿಮೆ ಎಲ್ಲದಕ್ಕೂ ಆ ಭಾಷೆ ಬಳಸುವುದು ಒಂದೇ ಕ್ರಿಯಾಪದವನ್ನು: ಬ್ರೇಕ್.

ಕನ್ನಡ ಮಾಧ್ಯಮದಲ್ಲಿ ಓದಿ ಪದವಿ ತರಗತಿಗೋ ಸ್ಪರ್ಧಾತ್ಮಕ ಪರೀಕ್ಷೆಗೋ ಇಂಗ್ಲಿಷನ್ನು ಗಟ್ಟಿ ಮಾಡಿಕೊಳ್ಳಲು ಹೊರಡುವ ನಮ್ಮ ಭಾಗದ ವಿದ್ಯಾರ್ಥಿಗಳಿಗೆ ಈ ಪದದ ಮೊದಲ ಅರ್ಥ ತೊಂದರೆ ಕೊಡುವುದಿಲ್ಲ. ಸುದ್ದಿಯನ್ನು ಬ್ರೇಕ್ ಮಾಡುತ್ತಾರೆ, ಕಾನೂನನ್ನು ಬ್ರೇಕ್ ಮಾಡುತ್ತಾರೆ, ಕುದುರೆಯನ್ನು ಬ್ರೇಕ್ ಮಾಡುತ್ತಾರೆ, ಮುಂಜಾನೆ ತಾನಾಗಿಯೇ ಬ್ರೇಕ್ ಆಗುತ್ತದೆ ಎಂದು ನಿಘಂಟಿನಲ್ಲಿ ಓದಿದಾಗ ಅವರು ಕಂಗಾಲಾಗುತ್ತಾರೆ. ಒಂದೊಂದನ್ನೂ ಬಿಡಿಬಿಡಿಯಾಗಿ ಬಾಯಿಪಾಠ ಮಾಡಲು ತೊಡಗುತ್ತಾರೆ, ವಾರದೊಳಗೆ ಮರೆಯುತ್ತಾರೆ. ಈ ಅರ್ಥಗಳು ಹಾಗೆ ಚೆಲ್ಲಾಪಿಲ್ಲಿಯಾಗಿ ಬಿದ್ದಿರುವಂಥವಲ್ಲ. ಒಂದು ವಸ್ತು ಮುರಿಯುವಾಗ ನಮ್ಮ ಕಣ್ಣೆದುರು ಏನೇನು ನಡೆಯುತ್ತದೆ ಎಂಬುದನ್ನು ಸಾವಧಾನವಾಗಿ ನೋಡಿದರೆ, ಪ್ರತಿಯೊಂದು ಲಾಕ್ಷಣಿಕ ಅರ್ಥವೂ ಆ ಘಟನೆಯ ಯಾವುದೋ ಒಂದು ಭಾಗವನ್ನು ಹಿಡಿದುಕೊಂಡು ಉಳಿದುದನ್ನು ಕೈಬಿಟ್ಟಿರುವುದು ಕಾಣುತ್ತದೆ.

ಒಂದು ಕೋಲನ್ನು ಬಗ್ಗಿಸುತ್ತಾ ಹೋಗಿ. ಒಂದು ಮಿತಿಯವರೆಗೆ ಅದು ತಡೆಯುತ್ತದೆ. ಮಿತಿ ದಾಟಿದ ಕ್ಷಣದಲ್ಲಿ ಲಟಕ್ಕೆಂದು ಮುರಿಯುತ್ತದೆ. ಒಂದಾಗಿದ್ದುದು ಎರಡಾಗುತ್ತದೆ. ಈ ತುದಿಯಿಂದ ಆ ತುದಿಯವರೆಗೆ ಎಡೆಬಿಡದೆ ಸಾಗಿದ್ದ ಗೆರೆ ನಡುವೆ ತುಂಡಾಗುತ್ತದೆ. ಊರುಗೋಲಾಗಿದ್ದರೆ ಅದು ಇನ್ನು ಕೆಲಸಕ್ಕೆ ಬಾರದು. ಮುರಿದದ್ದು ಕೋಲಲ್ಲದೆ ತತ್ತಿಯೋ ತೆಂಗಿನಕಾಯಿಯೋ ಆಗಿದ್ದರೆ ಇನ್ನೂ ಒಂದು ಸಂಗತಿ ನಡೆಯುತ್ತದೆ: ಒಳಗೆ ಮುಚ್ಚಿಕೊಂಡಿದ್ದುದು ಹೊರಗೆ ಬರುತ್ತದೆ. ಭಾಗವಾಗುವುದು, ಕೆಡುವುದು, ಎಡೆ ಬೀಳುವುದು, ಮಿತಿ ದಾಟುವುದು, ಒಳಗಿನದು ಹೊರಬೀಳುವುದು, ಇವೆಲ್ಲವೂ ಆ ಒಂದೇ ಕ್ಷಣದೊಳಗೆ ಇವೆ. ಇಂಗ್ಲಿಷ್ ಪದದ ನೂರೆಂಟು ಬಳಕೆಗಳು ಹುಟ್ಟಿರುವುದು ಇಲ್ಲಿಂದಲೇ.

ಈ ಪದ ಬಹಳ ಹಳೆಯದು. ಹಳೆಯ ಇಂಗ್ಲಿಷಿನಲ್ಲಿ ಅದರ ರೂಪ ‘ಬ್ರೆಕನ್’ ಎಂದಿತ್ತು. ಲ್ಯಾಟಿನ್ನಿನ ‘ಫ್ರಾಂಗೆರೆ’ ಎಂಬ ಕ್ರಿಯಾಪದವೂ ಇದೂ ಒಂದೇ ಮೂಲದಿಂದ ಕವಲೊಡೆದವು ಎಂದು ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ. ಎಲುಬಿನ ಡಾಕ್ಟರ್ ಹೇಳುವ ‘ಫ್ರ್ಯಾಕ್ಚರ್’, ಗಣಿತದ ಭಿನ್ನರಾಶಿಯ ಹೆಸರಾದ ‘ಫ್ರ್ಯಾಕ್ಷನ್’, ಪಾರ್ಸೆಲ್ ಡಬ್ಬಿಯ ಮೇಲಿನ ‘ಫ್ರಾಜೈಲ್’ ಎಲ್ಲವೂ ಆ ಲ್ಯಾಟಿನ್ ಮನೆತನದವು. ಸಂಸ್ಕೃತದಿಂದ ಬಂದ ನಮ್ಮ ‘ಭಿನ್ನ’ ಎಂಬ ಪದಕ್ಕೂ ಒಡೆದದ್ದು ಎಂದೇ ಅರ್ಥ. ಲೆಕ್ಕದ ಭಾಷೆ ಎರಡೂ ಕಡೆ ಒಂದೇ ಚಿತ್ರದ ಮೇಲೆ ನಿಂತಿದೆ.

ಭಾಗವಾಗುವುದನ್ನು ಹಿಡಿದುಕೊಂಡ ಬಳಕೆಗಳು ನಮಗೆ ತೀರ ಪರಿಚಿತವಾದವು. ಐದುನೂರರ ನೋಟಿಗೆ ಚಿಲ್ಲರೆ ಪಡೆಯುವುದನ್ನು ಇಂಗ್ಲಿಷಿನವರು ನೋಟನ್ನು ಬ್ರೇಕ್ ಮಾಡುವುದು ಎನ್ನುತ್ತಾರೆ. ನಾವೂ ನೋಟು ಮುರಿಸುತ್ತೇವೆ. ನಮ್ಮ ನೆರೆಯ ಮರಾಠಿಯಲ್ಲಿ ಚಿಲ್ಲರೆಗೆ ಇರುವ ‘ಮೋಡ್’ ಎಂಬ ಪದ ಮುರಿಯುವ ಕ್ರಿಯೆಯಿಂದಲೇ ಬಂದದ್ದು, ಹಿಂದಿ, ಉರ್ದುಗಳಲ್ಲಿಯೂ ನೋಟನ್ನು ‘ತುಡ್ವಾನಾ’, ಎಂದರೆ ಮುರಿಸುವುದು, ಎಂಬ ಮಾತಿದೆ. ಕಾಗದದ ನೋಟಿಗೆ ಇಲ್ಲಿ ಏನೂ ಆಗುವುದಿಲ್ಲ, ಅದು ಇಡಿಯಾಗಿಯೇ ಅಂಗಡಿಯವನ ಗಲ್ಲಾ ಸೇರುತ್ತದೆ. ಭಾಗವಾಗುವುದು ಅದರ ಮೌಲ್ಯ ಮಾತ್ರ.

ಕೆಡುವ ಅರ್ಥದಲ್ಲಿ ಮಾತ್ರ ನಮ್ಮ ವಿದ್ಯಾರ್ಥಿಗಳು ಎಡವುತ್ತಾರೆ. ತಿರುಗದೆ ನಿಂತ ಫ್ಯಾನಿನ ಒಂದು ರೆಕ್ಕೆಯೂ ತುಂಡಾಗಿರುವುದಿಲ್ಲ, ಆದರೂ ಇಂಗ್ಲಿಷಿನಲ್ಲಿ ಅದು ‘ಬ್ರೋಕನ್’. ಕನ್ನಡದಲ್ಲಿ ಫ್ಯಾನು ಮುರಿದಿದೆ ಎಂದರೆ ರೆಕ್ಕೆ ಬಾಗಿಯೋ ಕಳಚಿಯೋ ಬಿದ್ದಿದೆ ಎಂದೇ ಕೇಳುವವರು ತಿಳಿಯುತ್ತಾರೆ. ನಿಂತುಹೋದದ್ದಕ್ಕೆ ನಾವು ‘ಕೆಟ್ಟದೆ’ ಎನ್ನುತ್ತೇವೆ. ಹುಮನಾಬಾದ್ ರಸ್ತೆಯ ಮೇಲೆ ಬಸ್ಸು ಕೆಟ್ಟು ನಿಂತರೆ ಇಂಗ್ಲಿಷಿನಲ್ಲಿ ಅದು ‘ಬ್ರೇಕ್ ಡೌನ್’ ಆಗುತ್ತದೆ, ದುಃಖ ತಡೆಯಲಾರದೆ ಕುಸಿದು ಅಳುವ ಮನುಷ್ಯನೂ ‘ಬ್ರೇಕ್ ಡೌನ್’ ಆಗುತ್ತಾನೆ. ಎರಡರಲ್ಲಿಯೂ ತುಂಡುಗಳ ಚಿತ್ರ ಅಳಿಸಿಹೋಗಿ, ಇದ್ದ ಶಕ್ತಿ ಕೈಕೊಟ್ಟಿತು ಎಂಬ ಭಾಗ ಮಾತ್ರ ಉಳಿದಿದೆ. ಇದಕ್ಕೆ ಒಂದು ಸೊಗಸಾದ ಅಪವಾದ ಕನ್ನಡದಲ್ಲಿದೆ. ತಡವರಿಸುವ ಇಂಗ್ಲಿಷನ್ನು ಅವರು ‘ಬ್ರೋಕನ್ ಇಂಗ್ಲಿಷ್’ ಎಂದರೆ ನಾವು ‘ಹರಕು ಮುರುಕು ಇಂಗ್ಲಿಷ್’ ಎನ್ನುತ್ತೇವೆ. ಅವರ ಒಂದು ಪದ ಇಲ್ಲಿ ನಮ್ಮ ಎರಡು ಕ್ರಿಯಾಪದಗಳನ್ನು ಜೊತೆಗೂಡಿಸಿ ಕರೆತಂದಿದೆ.

ಎಡೆಬಿಡದೆ ನಡೆಯುತ್ತಿದ್ದುದಕ್ಕೆ ಎಡೆ ಬೀಳುವುದು ಈ ಪದದ ಅತ್ಯಂತ ಸಮೃದ್ಧವಾದ ಕವಲು. ಮೌನ ಮುರಿಯುವುದು ಎರಡೂ ಭಾಷೆಗಳಲ್ಲಿ ಒಂದೇ ಬಗೆ. ಕೆಲಸದ ನಡುವಿನ ವಿರಾಮವನ್ನು ‘ಬ್ರೇಕ್’ ಎಂದು ಕರೆದದ್ದೂ ಇದೇ ಕಾರಣಕ್ಕೆ: ದುಡಿಮೆಯ ಗೆರೆ ಅಲ್ಲಿ ಒಂದಿಷ್ಟು ಹೊತ್ತು ತುಂಡಾಗುತ್ತದೆ. ಆದರೆ ಉಪವಾಸದ ವಿಷಯಕ್ಕೆ ಬಂದರೆ ಭಾಷೆಗಳ ದಾರಿ ಬೇರೆಯಾಗುತ್ತದೆ. ಇಂಗ್ಲಿಷಿನಲ್ಲಿ ಉಪವಾಸವನ್ನು ‘ಬ್ರೇಕ್’ ಮಾಡುವುದು ಎಂದರೆ ವ್ರತ ಪೂರೈಸಿ ವಿಧಿಪ್ರಕಾರ ಉಣ್ಣುವುದೂ ಆಗಬಹುದು, ನಡುವೆಯೇ ಕೆಡಿಸಿ ತಿನ್ನುವುದೂ ಆಗಬಹುದು, ಸಂದರ್ಭವೇ ಹೇಳಬೇಕು. ಶ್ರಾವಣ ಸೋಮವಾರ ಇಡೀ ದಿನ ನಿರಾಹಾರವಿದ್ದು ಸಂಜೆ ಪೂಜೆಯ ನಂತರ ಉಂಡ ತಾಯಿಯ ಬಗ್ಗೆ ನಮ್ಮಲ್ಲಿ ‘ಉಪವಾಸ ಬಿಟ್ಟಳು’ ಎನ್ನುತ್ತಾರೆ. ಆಕೆ ‘ಉಪವಾಸ ಮುರಿದಳು’ ಎಂದರೆ ಹಿರಿಯರ ಕಿವಿಗೆ ಅದು ದೂರಿನಂತೆ ಕೇಳುತ್ತದೆ. ಸಂಸ್ಕೃತದಿಂದ ಬಂದ ‘ವ್ರತಭಂಗ’ವಂತೂ ನಿಸ್ಸಂದೇಹವಾಗಿ ದೋಷವೇ. ಉರ್ದು ಈ ಭೇದವನ್ನು ಇನ್ನೂ ಖಚಿತವಾಗಿ ಕಾಯ್ದುಕೊಂಡಿದೆ. 1347ರಲ್ಲಿ ಬಹಮನಿ ಸುಲ್ತಾನರ ರಾಜಧಾನಿಯಾದ ನಮ್ಮ ಕಲಬುರಗಿಯ ಓಣಿಗಳಲ್ಲಿ ರಮಜಾನ್ ತಿಂಗಳ ಸೂರ್ಯಾಸ್ತದ ಹೊತ್ತಿಗೆ ಖರ್ಜೂರ ಬಾಯಿಗಿಡುವುದು ‘ರೋಜಾ ಖೋಲ್ನಾ’, ಎಂದರೆ ತೆರೆಯುವುದು. ಹೊತ್ತಿಗೆ ಮುಂಚೆ ತಿಂದು ಅದನ್ನು ಕೆಡಿಸುವುದು ‘ರೋಜಾ ತೋಡ್ನಾ’, ಎಂದರೆ ಮುರಿಯುವುದು. ಒಂದು ಪುಣ್ಯ, ಇನ್ನೊಂದು ತಪ್ಪು. ಇಂಗ್ಲಿಷ್ ವಾಕ್ಯವನ್ನು ಅನುವಾದಿಸುವ ಪತ್ರಕರ್ತರು ಈ ಒಂದು ಸ್ಥಳದಲ್ಲಾದರೂ ಕೈತಡೆದು ಯೋಚಿಸಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಎಳನೀರು ಕುಡಿದು ಸತ್ಯಾಗ್ರಹ ಮುಗಿಸಿದವರು ಉಪವಾಸ ಮುರಿದವರಲ್ಲ.

ಬೆಳಗಿನ ಉಪಾಹಾರಕ್ಕೆ ಇಂಗ್ಲಿಷಿನವರು ಇಟ್ಟ ‘ಬ್ರೇಕ್‌ಫಾಸ್ಟ್’ ಎಂಬ ಹೆಸರಿನಲ್ಲಿ ಈ ಉಪವಾಸವೇ ಅಡಗಿದೆ: ರಾತ್ರಿಯ ಊಟದಿಂದ ಮುಂಜಾನೆಯವರೆಗಿನ ನಿರಾಹಾರವನ್ನು ಕೊನೆಗೊಳಿಸುವ ತುತ್ತು ಅದು. ಉಚ್ಚಾರಣೆ ಸವೆದು ‘ಬ್ರೆಕ್‌ಫಸ್ಟ್’ ಆದುದರಿಂದ ಅದರೊಳಗಿನ ಎರಡು ಪದಗಳು ಈಗ ಆ ಭಾಷೆಯವರ ಕಿವಿಗೂ ಬೀಳುವುದಿಲ್ಲ. ಕಲಬುರಗಿ, ಬೀದರ್‌ಗಳಲ್ಲಿ ನಾವು ಹೇಳುವ ‘ನಾಷ್ಟಾ’ ಎಂಬ ಪದದ ಕತೆಯೂ ಹೀಗೆಯೇ. ಪಾರಸಿಯಲ್ಲಿ ಅದಕ್ಕೆ ಬೆಳಗಿನಿಂದ ಏನೂ ತಿನ್ನದೆ ಇರುವವನು ಎಂಬ ಅರ್ಥವಿತ್ತು. ಹಸಿದವನ ಹೆಸರು ಹಸಿವು ನೀಗುವ ತಿಂಡಿಗೆ ಬಂದಿತು.

ಮುಚ್ಚಿದ್ದುದು ಹೊರಬೀಳುವ ಅರ್ಥಕ್ಕೆ ಬಂದಾಗ ಕನ್ನಡದ ‘ಒಡೆ’ ಮತ್ತು ಇಂಗ್ಲಿಷಿನ ‘ಬ್ರೇಕ್’ ಎಷ್ಟು ಹತ್ತಿರ ನಡೆಯುತ್ತವೆ ಎಂಬುದು ನನಗೆ ಈಗಲೂ ಅಚ್ಚರಿಯ ಸಂಗತಿ. ತೊಗರಿ ಬಿತ್ತಿದ ಹೊಲದಲ್ಲಿ ಮಳೆಯಾದ ಮೇಲೆ ಬೀಜ ಮೊಳಕೆಯೊಡೆಯುತ್ತದೆ, ಬೇಸಿಗೆಯ ಬೇವು ಚಿಗುರೊಡೆಯುತ್ತದೆ. ಚಳಿಗಾಲ ಕಳೆದು ದ್ರಾಕ್ಷಿಯ ಬಳ್ಳಿ ಕಣ್ಣು ಬಿಡುವುದಕ್ಕೆ ಇಂಗ್ಲಿಷಿನ ತೋಟಗಾರಿಕೆಯವರು ‘ಬಡ್ ಬ್ರೇಕ್’ ಎನ್ನುತ್ತಾರೆ. ಹರೆಯಕ್ಕೆ ಕಾಲಿಡುವ ಹುಡುಗನ ದನಿ ಎರಡೂ ಭಾಷೆಗಳಲ್ಲಿ ಒಡೆಯುತ್ತದೆ. ನಾವು ಒಗಟನ್ನು ಒಡೆದು ಹೇಳುತ್ತೇವೆ, ಅವರು ಗೂಢಲಿಪಿಯನ್ನು ‘ಬ್ರೇಕ್’ ಮಾಡುತ್ತಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕ್‌ನಲ್ಲಿ ಕುಳಿತು ಜರ್ಮನರ ಎನಿಗ್ಮಾ ಯಂತ್ರದ ಸಂದೇಶಗಳನ್ನು ಬಿಡಿಸಿದವರಿಗೆ ಇಂಗ್ಲಿಷಿನಲ್ಲಿ ‘ಕೋಡ್‌ಬ್ರೇಕರ್’ಗಳೆಂದೇ ಹೆಸರು. ಇಲ್ಲಿ ಒಡೆಯುವುದು ನಾಶವಲ್ಲ. ಕಾಯಿಯ ಚಿಪ್ಪು ಹೋಗಿ ತಿರುಳು ಸಿಕ್ಕಿದೆ.

‘ಬ್ರೇಕಿಂಗ್ ನ್ಯೂಸ್’ ಎಂದು ದೂರದರ್ಶನದ ಪರದೆಯ ಮೇಲೆ ಕೆಂಪಕ್ಷರದಲ್ಲಿ ಬರುವುದರ ಮೂಲವೂ ಇದೇ. ತಡೆದು ನಿಂತಿದ್ದ ಮೋಡ ಒಮ್ಮೆಲೇ ಸುರಿಯುವಂತೆ, ಇಷ್ಟು ಹೊತ್ತು ಗೊತ್ತಿರದ ಸುದ್ದಿ ಈಗ ಹೊರಬಿದ್ದಿದೆ ಎಂಬುದು ಅದರ ಭಾವ. ಆದರೆ ಒಬ್ಬ ಮನುಷ್ಯ ಇನ್ನೊಬ್ಬನಿಗೆ ಸುದ್ದಿಯನ್ನು ‘ಬ್ರೇಕ್’ ಮಾಡುತ್ತಾನೆ ಎಂದಾಗ ಧ್ವನಿ ಬೇರೆ. ಅದು ಸಾಮಾನ್ಯವಾಗಿ ಸಾವುನೋವಿನಂಥ ಸುದ್ದಿ, ಹೇಳುವವನು ಅಳುಕುತ್ತಾ, ಕೇಳುವವರ ಎದೆ ನೋಡಿಕೊಂಡು ಹೇಳುತ್ತಾನೆ. ಇದಕ್ಕೆ ಕನ್ನಡದಲ್ಲಿ ಒಂದೇ ಕ್ರಿಯಾಪದ ಸಾಲದು. ‘ಮೆಲ್ಲಗೆ ವಿಷಯ ತಿಳಿಸಿದ’ ಎಂದು ಬಿಡಿಸಿ ಹೇಳುವುದೇ ಸರಿ.

ಮುಂಜಾನೆಯ ಪ್ರಯೋಗವನ್ನು ಇಲ್ಲಿಯೇ ನೋಡಬೇಕು. ‘ಡೇಬ್ರೇಕ್’ ಎಂಬ ಪದವನ್ನು ಕಂಡು, ಹಗಲು ಯಾಕೆ ಮುರಿಯಬೇಕು ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಮುರಿಯುವುದು ಹಗಲಲ್ಲ, ಕತ್ತಲೆಯ ಮುಚ್ಚಳ ಬಿರಿದು ಬೆಳಕು ಹೊರಚಿಮ್ಮುತ್ತದೆ. ಕನ್ನಡದಲ್ಲಿ ಬೆಳಕು ಹರಿಯುತ್ತದೆ, ‘ನಸುಕು ಹರಿಯುವ ಮುನ್ನ’ ಒಕ್ಕಲಿಗರು ಹೊಲಕ್ಕೆ ಹೋಗುತ್ತಾರೆ. ‘ಹರಿ’ ಎಂಬುದಕ್ಕೆ ಪ್ರವಹಿಸು, ಸೀಳು ಎಂಬ ಎರಡೂ ಅರ್ಥಗಳಿರುವುದರಿಂದ ಬೆಳಕಿನ ಹೊನಲನ್ನೂ ಕತ್ತಲೆಯ ಸೀಳನ್ನೂ ಒಂದೇ ಮಾತಿನಲ್ಲಿ ಕಾಣಬಹುದು. ಉರ್ದುವಿನಲ್ಲಿ ಇದಕ್ಕೆ ‘ಪೌ ಫಟ್ನಾ’ ಎನ್ನುತ್ತಾರೆ. ‘ಫಟ್ನಾ’ ಎಂದರೆ ಹರಿಯುವುದು, ಬಿರಿಯುವುದು. ಈ ಒಂದು ನುಡಿಗಟ್ಟನ್ನು ಇಂಗ್ಲಿಷ್ ತರಗತಿಯಲ್ಲಿ ಹಲಗೆಯ ಮೇಲೆ ಬರೆದರೆ ಎರಡು ಮನೆಮಾತುಗಳ ಮಕ್ಕಳೂ ಒಟ್ಟಿಗೆ ತಲೆದೂಗುತ್ತಾರೆ.

ಇನ್ನು ಕಾನೂನಿನ ಮಾತು. ಕೋಲು ಮುರಿದರೆ ಕೆಡುವುದು ಕೋಲು. ಕಾನೂನು ಮುರಿದರೆ ಕಾನೂನಿನ ಪುಸ್ತಕದಲ್ಲಿ ಒಂದಕ್ಷರವೂ ಅಲುಗುವುದಿಲ್ಲ. ಪೆಟ್ಟು ಬೀಳುವುದು ಮುರಿದವನಿಗೆ. ಭೌತಿಕ ಘಟನೆಯಿಂದ ಇಲ್ಲಿ ಉಳಿದುಕೊಂಡಿರುವುದು ಮಿತಿಯನ್ನು ದಾಟುವ ಭಾಗವೊಂದೇ. 1930ರ ಏಪ್ರಿಲ್ 6ರಂದು ಗಾಂಧೀಜಿಯವರು ದಂಡಿಯ ಕಡಲತೀರದಲ್ಲಿ ಉಪ್ಪು ಹಿಡಿದೆತ್ತಿದಾಗ ಉಪ್ಪಿನ ಕಾಯಿದೆ ಮುರಿಯಿತು, ಆ ಚಳವಳಿಗೆ ಕನ್ನಡದಲ್ಲಿ ‘ಕಾನೂನುಭಂಗ’ ಎಂಬ ಹೆಸರೂ ಬಂದಿತು. ಆದರೂ ಕಾಯಿದೆ ಆ ಕ್ಷಣಕ್ಕೆ ರದ್ದಾಗಲಿಲ್ಲ. ಕೊಟ್ಟ ಮಾತನ್ನು ಇಂಗ್ಲಿಷಿನವರು ಮುರಿಯುತ್ತಾರೆ, ನಾವು ಹೆಚ್ಚಾಗಿ ಮಾತಿಗೆ ತಪ್ಪುತ್ತೇವೆ. ಅವರಿಗೆ ಮಾತು ಕೈಯಲ್ಲಿರುವ ವಸ್ತು, ನಮಗೆ ಅದು ನಡೆಯಬೇಕಾದ ದಾರಿ.

ಇಂಥ ಅರ್ಥಾಂತರವನ್ನು ಕುರಿತು ನಮ್ಮವರು ಬಹಳ ಹಿಂದೆಯೇ ಆಳವಾಗಿ ಚಿಂತಿಸಿದ್ದಾರೆ. ಪದ ನೇರವಾಗಿ ಕೊಡುವ ಅರ್ಥ ವಾಚ್ಯಾರ್ಥ, ಅದನ್ನು ಕೊಡುವ ಶಕ್ತಿ ಅಭಿಧೆ. ಆ ಅರ್ಥ ಹೊಂದದಾದಾಗ ಅದಕ್ಕೆ ಸಂಬಂಧಪಟ್ಟ ಇನ್ನೊಂದು ಅರ್ಥವನ್ನು ಒದಗಿಸುವ ಶಕ್ತಿ ಲಕ್ಷಣೆ. ಹನ್ನೊಂದನೇ ಶತಮಾನದ ಕಾಶ್ಮೀರದ ಕಾವ್ಯಮೀಮಾಂಸಕ ಮಮ್ಮಟ ಲಕ್ಷಣೆಗೆ ಮೂರು ಷರತ್ತುಗಳನ್ನು ಹೇಳುತ್ತಾನೆ: ಮುಖ್ಯಾರ್ಥಕ್ಕೆ ಬಾಧೆ ಬರಬೇಕು, ಹೊಸ ಅರ್ಥಕ್ಕೂ ಮುಖ್ಯಾರ್ಥಕ್ಕೂ ನಂಟಿರಬೇಕು, ಹಾಗೆ ಬಳಸುವುದಕ್ಕೆ ರೂಢಿಯೋ ಒಂದು ಪ್ರಯೋಜನವೋ ಇರಬೇಕು. ರೂಢಿಗೆ ಅವನ ಉದಾಹರಣೆ ‘ಕುಶಲ’ ಎಂಬ ಪದ. ದರ್ಭೆಯ ಹುಲ್ಲನ್ನು ಕೈ ಕೊಯ್ದುಕೊಳ್ಳದೆ ಕೊಯ್ಯುವವನು ಎಂಬ ಮೂಲದ ಅರ್ಥ ಮರೆಯಾಗಿ, ಯಾವುದೇ ಕೆಲಸದ ಜಾಣನಿಗೆ ಅದು ಸಲ್ಲುತ್ತದೆ. ‘ಬ್ರೇಕ್‌ಫಾಸ್ಟ್’ ಕೂಡ ಈ ಗುಂಪಿನದು. ಪ್ರಯೋಜನಕ್ಕೆ ಉದಾಹರಣೆ ‘ಗಂಗೆಯಲ್ಲಿ ಹಟ್ಟಿ’ ಎಂಬ ಮಾತು. ಹರಿಯುವ ನೀರಿನ ಮೇಲೆ ಹಟ್ಟಿ ನಿಲ್ಲದು, ದಂಡೆಯ ಮೇಲೆ ಎಂದೇ ಅರ್ಥ. ಆದರೂ ದಂಡೆ ಎನ್ನದೆ ಗಂಗೆ ಎಂದುದರಿಂದ ತಂಪೂ ಪಾವಿತ್ರ್ಯವೂ ಹೊಳೆಯುತ್ತವೆ. ವಿದ್ಯಾರ್ಥಿ ಇಂಗ್ಲಿಷ್ ವಾಕ್ಯವೊಂದರ ಮುಂದೆ ಕುಳಿತಾಗ ಈ ಮೂರು ಷರತ್ತುಗಳನ್ನೇ ಪ್ರಶ್ನೆಗಳನ್ನಾಗಿ ಕೇಳಿಕೊಳ್ಳಬಹುದು. ಇಲ್ಲಿ ನಿಜವಾಗಿಯೂ ಏನಾದರೂ ಮುರಿಯಲು ಸಾಧ್ಯವೇ? ಇಲ್ಲವಾದರೆ, ಮುರಿಯುವುದರ ಯಾವ ಭಾಗ ಈ ಸಂದರ್ಭಕ್ಕೆ ನಂಟಾಗುತ್ತದೆ? ಈ ಮಾತು ಹಳೆಯದಾಗಿ ರೂಢಿಯಾದದ್ದೋ, ಬರೆದವರು ಬೇಕೆಂದೇ ತಂದದ್ದೋ?

ಸೇಡಂ ತಾಲ್ಲೂಕಿನ ಇಂದಿನ ಮಳಖೇಡ, ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ ಒಂಬತ್ತನೇ ಶತಮಾನದಲ್ಲಿ, ನೃಪತುಂಗನ ಆಸ್ಥಾನದಲ್ಲಿ ರಚಿತವಾದ ಕವಿರಾಜಮಾರ್ಗವು ಬಹುಮಟ್ಟಿಗೆ ಅನುಸರಿಸಿರುವುದು ಸಂಸ್ಕೃತದ ಕಾವ್ಯಮೀಮಾಂಸಕ ದಂಡಿಯನ್ನು. ಉಗುಳುವುದು, ಕಾರುವುದು ಮುಂತಾದ ಪದಗಳು ಮುಖ್ಯಾರ್ಥದಲ್ಲಿ ಗ್ರಾಮ್ಯವಾಗಿದ್ದರೂ ಗೌಣಾರ್ಥದಲ್ಲಿ ಅತಿ ಸುಂದರವಾಗುತ್ತವೆ ಎಂದು ದಂಡಿ ಗುರುತಿಸಿದ್ದಾನೆ. ಮನುಷ್ಯ ಕಾರಿಕೊಂಡನೆಂದರೆ ಅಸಹ್ಯ, ಕಣ್ಣುಗಳು ಕಿಡಿ ಕಾರಿದವೆಂದರೆ ಕಾವ್ಯ. ಪದ ಹೊಸ ಜಾಗಕ್ಕೆ ಬರುವಾಗ ತನ್ನ ಹಳೆಯ ಸ್ವಭಾವದಲ್ಲಿ ಕೆಲವನ್ನು ಹೊರಗೇ ಬಿಟ್ಟು ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ತೋರದು.

ಕೆಲವು ಪ್ರಯೋಗಗಳಲ್ಲಿ ನಂಟು ಕಾಣದಿರುವುದಕ್ಕೆ ಕಾರಣ ಭಾಷೆಯಲ್ಲ, ಹವಾಮಾನ. ಅಪರಿಚಿತರ ನಡುವಿನ ಬಿಗುವು ಸಡಿಲಿಸಿ ಮಾತಿಗೆ ತೊಡಗುವುದನ್ನು ಇಂಗ್ಲಿಷಿನವರು ‘ಬ್ರೇಕ್ ದ ಐಸ್’ ಎನ್ನುತ್ತಾರೆ. ನದಿಗಳು ಹೆಪ್ಪುಗಟ್ಟಿ ದೋಣಿಗೆ ದಾರಿಯಿಲ್ಲದಂತಾಗುವ ದೇಶದ ಮಾತು ಅದು. ಮೊದಲು ಹೋಗುವವನು ಮಂಜುಗಡ್ಡೆ ಒಡೆದರೆ ಹಿಂದಿನವರಿಗೆ ದಾರಿ. ಮೇ ತಿಂಗಳಲ್ಲಿ ಕಾಗಿಣಾ, ಭೀಮೆಯರು ಬತ್ತುವುದನ್ನು ಕಂಡವರಿಗೆ ಈ ಚಿತ್ರವನ್ನು ಹೇಳಿಕೊಡಲೇಬೇಕು, ಹೇಳಿದ ಮೇಲೆ ಯಾರೂ ಮರೆಯುವುದಿಲ್ಲ. ಕುದುರೆಯನ್ನು ‘ಬ್ರೇಕ್’ ಮಾಡುವುದೆಂದರೆ ಪಳಗಿಸುವುದು: ಮುರಿಯುವುದು ಅದರ ಹಟ, ಕಾಲಲ್ಲ.

ಬೆನ್ನಿಗೆ ಅಂಟಿಕೊಂಡು ಬರುವ ಚಿಕ್ಕ ಪದಗಳು ದಿಕ್ಕನ್ನು ತೋರಿಸುತ್ತವೆ. ‘ಇನ್’ ಸೇರಿದರೆ ಬೀಗ ಮುರಿದು ಒಳನುಗ್ಗುವುದು, ‘ಔಟ್’ ಸೇರಿದರೆ ರೋಗವೋ ಬೆಂಕಿಯೋ ಯುದ್ಧವೋ ಭುಗಿಲೇಳುವುದು, ‘ಆಫ್’ ಸೇರಿದರೆ ನಿಶ್ಚಿತಾರ್ಥದಂಥದ್ದು ಮುರಿದುಬೀಳುವುದು, ‘ಥ್ರೂ’ ಸೇರಿದರೆ ಅಡ್ಡಗೋಡೆ ಭೇದಿಸಿ ಆಚೆ ಹೋಗುವುದು. ಇವುಗಳಿಗಿಂತ ಹೆಚ್ಚು ಎಚ್ಚರ ಬೇಕಾದದ್ದು ‘ಬ್ರೋಕ್’ ಮತ್ತು ‘ಬ್ರೋಕನ್’ ನಡುವೆ. ‘ನಾನು ಬ್ರೋಕ್’ ಎಂದರೆ ಕಿಸೆ ಖಾಲಿಯಾಗಿದೆ ಎಂದು, ‘ನಾನು ಬ್ರೋಕನ್’ ಎಂದರೆ ಬದುಕೇ ಕುಸಿದಿದೆ ಎಂದು. ತಿಂಗಳ ಕೊನೆಯ ಮಾತಿಗೆ ಎರಡನೆಯದನ್ನು ಬಳಸಿದರೆ ಕೇಳಿದವರು ಗಾಬರಿಯಾಗುತ್ತಾರೆ.

ತಿರುಗಿ ನೋಡಿದರೆ ನಮ್ಮ ಕ್ರಿಯಾಪದಗಳು ಹೋಗುವ ಕಡೆಗೆಲ್ಲ ಇಂಗ್ಲಿಷಿನದು ಬರುವುದಿಲ್ಲ. ರಜೆ ಹಾಕಿದ ದಿನದ ಪಗಾರನ್ನು ನಾವು ‘ಮುರಿದುಕೊಂಡರು’ ಎಂದರೆ ಅವರು ಕತ್ತರಿಸುವ ಕ್ರಿಯಾಪದ ಬಳಸುತ್ತಾರೆ. ನಾವು ಮೈಮುರಿದು ಏಳುತ್ತೇವೆ, ಅವರು ಮೈ ಚಾಚುತ್ತಾರೆ. ನಮ್ಮ ಹಾಲು ಒಡೆಯುತ್ತದೆ, ಅವರದು ‘ಕರ್ಡಲ್’ ಆಗುತ್ತದೆ. ಎದೆ ಒಡೆಯುವುದು ಅವರಲ್ಲಿಯೂ ಉಂಟು. ಆದರೆ ಇಬ್ಬರ ನಡುವೆ ಜಗಳವೂ ಆಗದೆ, ಮಾತೂ ನಿಲ್ಲದೆ, ಒಳಗೊಳಗೇ ನಂಬಿಕೆ ಹೋದದ್ದನ್ನು ‘ಮನಸ್ಸು ಮುರೀತು’ ಎಂದು ಹೇಳುವ ನಮ್ಮ ಮಾತನ್ನು ‘ಬ್ರೇಕ್’ ಎಂದು ತಿರುಗಿಸಿದರೆ ಅರ್ಥ ಕೈತಪ್ಪಿಹೋಗುತ್ತದೆ.

ಈಗ ಕನ್ನಡದೊಳಗೇ ನೆಲೆಸಿರುವ ‘ಬ್ರೇಕ್’ ಬಗ್ಗೆ ಒಂದು ಮಾತು ಹೇಳಲೇಬೇಕು. ಮುರಿಯುವ ‘ಬ್ರೇಕ್’ ಮತ್ತು ವಾಹನ ನಿಲ್ಲಿಸುವ ‘ಬ್ರೇಕ್’ ಇಂಗ್ಲಿಷಿನಲ್ಲಿ ಉಚ್ಚಾರಣೆಯಲ್ಲಿ ಒಂದೇ ಆದರೂ ಬರವಣಿಗೆಯಲ್ಲಿ ಬೇರೆ ಬೇರೆ ಪದಗಳು. ನಮ್ಮ ಲಿಪಿ ದನಿಯನ್ನು ಅನುಸರಿಸುವುದರಿಂದ ಕನ್ನಡದಲ್ಲಿ ಎರಡೂ ಒಂದೇ ಅಕ್ಷರಗಳಲ್ಲಿ ನಿಲ್ಲುತ್ತವೆ. ಹೀಗಾಗಿ ‘ನಟನಿಗೆ ಬ್ರೇಕ್ ಸಿಕ್ಕಿತು’ ಎಂಬಲ್ಲಿ ಬಾಗಿಲು ತೆರೆದಿದೆ, ಅದು ಮೊದಲನೆಯ ಪದ. ‘ರಸ್ತೆ ಕಾಮಗಾರಿಗೆ ಬ್ರೇಕ್ ಬಿತ್ತು’ ಎಂಬಲ್ಲಿ ಬಾಗಿಲು ಮುಚ್ಚಿದೆ, ಅದು ಎರಡನೆಯದು. ‘ಒಂದು ಬ್ರೇಕ್ ನಂತರ’ ಎಂದಾಗ ಮತ್ತೆ ಮೊದಲನೆಯದು ಬರುತ್ತದೆ, ಆದರೆ ಅವಕಾಶವಾಗಿ ಅಲ್ಲ, ವಿರಾಮವಾಗಿ. ‘ಸಿಕ್ಕಿತು’, ‘ಬಿತ್ತು’, ‘ಹಾಕಿದರು’, ‘ತಗೊಂಡರು’ ಎಂಬ ಕನ್ನಡದ ಕ್ರಿಯಾಪದಗಳೇ ಇಲ್ಲಿ ಅರ್ಥವನ್ನು ಬೇರ್ಪಡಿಸುತ್ತವೆ. ಕೇವಲ ‘ಯೋಜನೆಗೆ ಬ್ರೇಕ್’ ಎಂದು ಶೀರ್ಷಿಕೆ ಕೊಟ್ಟರೆ ಓದುಗ ರೂಢಿಯಿಂದ ‘ನಿಂತಿತು’ ಎಂದು ಊಹಿಸುತ್ತಾನೆ. ಆದರೆ ಶಾಶ್ವತವಾಗಿ ನಿಂತಿತೋ, ತಾತ್ಕಾಲಿಕ ವಿರಾಮವೋ ಎಂಬುದು ತಿಳಿಯುವುದಿಲ್ಲ. ‘ರದ್ದು’, ‘ಸ್ಥಗಿತ’, ‘ತಡೆ’ ಎಂಬ ಮೂರು ಪದಗಳು ಆ ಜಾಗಕ್ಕೆ ಸಿದ್ಧವಾಗಿವೆ, ಮೂರೂ ಚಿಕ್ಕವು, ಮೂರಕ್ಕೂ ಬೇರೆ ಬೇರೆ ಅರ್ಥವಿದೆ.